ರಾತ್ರಿ ಹೊತ್ತು ಬಿ.ಪಿ. ಯಂತ್ರದ ಅಂಕಿ ನೋಡಿ ದೊಡ್ಡಾಸ್ಪತ್ರೆಗೆ ಓಡುವ ಮುನ್ನ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡು ಇದನ್ನು ಬರೆಯುತ್ತಿದ್ದೇನೆ.

2025ರ ಜುಲೈ. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಟಿ.ವಿ.ಯಲ್ಲಿ ಬರುತ್ತಿತ್ತು. ಮೈಯಲ್ಲಿ ಏನೂ ತೊಂದರೆಯಿಲ್ಲದವರೂ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲುಗಟ್ಟಿದ್ದನ್ನು ನೋಡಿ ನಾನು ನಕ್ಕಿದ್ದೆ. ನಕ್ಕವನೇ ಮಾರನೆಯ ದಿನ ಔಷಧ ಅಂಗಡಿಯಿಂದ ಬಿ.ಪಿ. ನೋಡುವ ಯಂತ್ರ ಕೊಂಡುತಂದೆ. ಸಾವುಗಳಲ್ಲಿ ಅಸಹಜ ಏರಿಕೆಯೇನೂ ಕಂಡಿಲ್ಲ ಎಂದು ತಜ್ಞರ ಸಮಿತಿ ಹೇಳುವಷ್ಟರಲ್ಲಿ ಯಂತ್ರ ನಮ್ಮ ಮನೆ ಸೇರಿಯಾಗಿತ್ತು.

ಚನ್ನರಾಯಪಟ್ಟಣದ ಕಡೆಯ ಊರಿನಿಂದ ಅಮ್ಮ ಬಂದಿದ್ದಳು. ವಯಸ್ಸು 67, ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಮಂಗಳವಾರ ರಾತ್ರಿ ಊಟಕ್ಕೆ ಮುಂಚಿನ ಸಕ್ಕರೆ ಮಾತ್ರೆ ನುಂಗಿ ತಟ್ಟೆಗಾಗಿ ಕಾಯುತ್ತಿದ್ದವಳ ತೋಳಿಗೆ ನಾನು ಪಟ್ಟಿ ಸುತ್ತಿದೆ. 168/98. ಗಾಬರಿಯಾಗಿ ಇನ್ನೊಮ್ಮೆ ನೋಡಿದೆ: 174. ಮತ್ತೊಮ್ಮೆ: 181. ಅರ್ಧ ಗಂಟೆಯಲ್ಲಿ ಏಳು ಸಲ ನೋಡಿದೆ. ಅಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಸ್ವೆಟರಿನ ತೋಳಿನ ಮೇಲೆಯೇ ಪಟ್ಟಿ ಬಿಗಿಸಿಕೊಂಡು, ಸೊಸೆಯೊಡನೆ ಮಾತನಾಡುತ್ತಾ ಕುಳಿತಿದ್ದಳು. ನಾನು ಪಕ್ಕದಲ್ಲಿ ನಿಂತು ಹರಾಜು ಕೂಗುವವನಂತೆ ಅಂಕಿ ಕೂಗುತ್ತಿದ್ದೆ.

"ನನಗೇನೂ ಆಗಿಲ್ಲ ಕಣೋ, ಅನ್ನ ಆರಿಹೋಗುತ್ತದೆ" ಎಂದಳು. ಎದೆನೋವಿಲ್ಲ, ಉಸಿರಾಟದ ತೊಂದರೆಯಿಲ್ಲ, ತಲೆನೋವೂ ಇಲ್ಲ. ನಾನು ಕೇಳಿದರೆ ತಾನೆ!

ಆಸ್ಪತ್ರೆಯ ಹೆಸರು ಬೇಡ. ಮನೆಗೆ ಹತ್ತಿರದ ದೊಡ್ಡ ಖಾಸಗಿ ಆಸ್ಪತ್ರೆ ಅಷ್ಟೇ. ಒಂಬತ್ತೂ ಮುಕ್ಕಾಲಿಗೆ ತಲುಪಿದಾಗ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲೇ ಜನ ನಿಂತಿದ್ದರು. ನರ್ಸ್ ಒಬ್ಬರು ಬಂದು ನಾಡಿ, ಬಿ.ಪಿ. ನೋಡಿ, ನಾಲ್ಕು ಪ್ರಶ್ನೆ ಕೇಳಿ ಅಮ್ಮನ ಚೀಟಿಗೆ ಹಸಿರು ಗುರುತು ಹಾಕಿದರು. ಕೆಂಪು ಎಂದರೆ ಈಗಲೇ, ಹಳದಿ ಎಂದರೆ ಬೇಗ, ಹಸಿರು ಎಂದರೆ ಕಾಯಬಹುದು. ಅಲ್ಲಿ ಸರದಿ ಬಂದ ಹೊತ್ತಿನ ಮೇಲಲ್ಲ, ಯಾರ ಜೀವಕ್ಕೆ ಹೆಚ್ಚು ಅಪಾಯ ಎಂಬುದರ ಮೇಲೆ. ಹಸಿರು ಸಿಕ್ಕಿದ್ದು ಸಂತೋಷದ ಸಂಗತಿ ಎಂದು ಆಗ ನನಗೆ ಹೊಳೆಯಲಿಲ್ಲ. ನಮಗಿಂತ ಆಮೇಲೆ ಬಂದವರನ್ನು ಒಳಗೆ ಕರೆದುಕೊಂಡಾಗಲೆಲ್ಲ ಹೋಗಿ ಜಗಳವಾಡಿದೆ, ಮೂರು ಸಲ. ಮೂರನೆಯ ಸಲ ಕರ್ತವ್ಯದಲ್ಲಿದ್ದ ವೈದ್ಯರೇ ಹೊರಗೆ ಬಂದು, "ಸರ್, ವಾರ್ಡಿನಲ್ಲಿ ಹಾಸಿಗೆ ಖಾಲಿಯಾಗದೆ ಇಲ್ಲಿಂದ ಯಾರನ್ನೂ ಮೇಲಕ್ಕೆ ಕಳಿಸಲು ಆಗುವುದಿಲ್ಲ. ನಾಲ್ವರು ಬೆಳಗಿನಿಂದ ಇಲ್ಲೇ ಇದ್ದಾರೆ" ಎಂದರು. ಇಕ್ಕಟ್ಟಿಗೆ ನನ್ನಂಥವರಷ್ಟೇ ಕಾರಣರಲ್ಲ, ನಿಜ. ಆದರೆ ನಾವೂ ಅಲ್ಲಿದ್ದೆವು. ನೆಗಡಿಯವರು, ವಾರದಿಂದ ಮಂಡಿನೋವಿದ್ದವರು, ಹಗಲು ಪುರುಸೊತ್ತಾಗದೆ ರಾತ್ರಿ ಬಂದವರು. ಓಣಿಯಲ್ಲಿ ಗಾಲಿಕುರ್ಚಿಯ ಮೇಲೆ ಐವತ್ತರ ಆಸುಪಾಸಿನವರೊಬ್ಬರು, ಮುಖ ಬೂದಿ ಬಣ್ಣಕ್ಕೆ ತಿರುಗಿ, ಅಂಗಿ ಬಿಚ್ಚಿ ಕುಳಿತಿದ್ದರು. ಮಂಚವಿಲ್ಲದೆ ಅಲ್ಲೇ ಇಸಿಜಿ ಮಾಡುತ್ತಿದ್ದರು.

ಹನ್ನೆರಡೂವರೆ ಹೊತ್ತಿಗೆ ಅಮ್ಮನ ಕೈ ಹಿಡಿದರೆ ತಣ್ಣಗೆ ಬೆವರು. ಬೆರಳು ನಡುಗುತ್ತಿತ್ತು. "ಹಸು ಕಟ್ಟಿದೆಯೇನೋ?" ಎಂದು ಊರಿನಲ್ಲೇ ಇರುವವಳಂತೆ ಕೇಳಿದಳು. ಸಕ್ಕರೆ ಮಾತ್ರೆ ಒಳಗೆ ಹೋಗಿ ಮೂರೂವರೆ ಗಂಟೆಯಾಗಿತ್ತು. ಅನ್ನ ಮನೆಯಲ್ಲೇ ಆರಿತ್ತು. ರಕ್ತದ ಸಕ್ಕರೆ 52. ಹಸಿರು ಹೋಗಿ ಕೆಂಪಾಯಿತು. ಗಾಲಿಕುರ್ಚಿಯವರಿಗೆಂದು ಖಾಲಿ ಮಾಡಿಸುತ್ತಿದ್ದ ಮಂಚದ ಮೇಲೆ ಅಮ್ಮನನ್ನು ಮಲಗಿಸಿ ಗ್ಲೂಕೋಸ್ ಏರಿಸಿದರು. ಆ ಬಗೆಯ ಮಾತ್ರೆಯಿಂದ ಇಳಿದ ಸಕ್ಕರೆ ಮತ್ತೆ ಇಳಿಯಬಹುದಂತೆ, ಹಾಗಾಗಿ ಬೆಳಗಿನವರೆಗೆ ಕಳಿಸಲಿಲ್ಲ. ತುರ್ತಿಲ್ಲದವಳನ್ನು ಕರೆದೊಯ್ದು ಅಲ್ಲಿ ಕೂರಿಸಿ ತುರ್ತು ರೋಗಿ ಮಾಡಿದ ಖ್ಯಾತಿ ನನ್ನದು. ಬಿಲ್ಲು 6,240 ರೂಪಾಯಿ. ಹೊರಡುವಾಗ ಓಣಿಯ ಗಾಲಿಕುರ್ಚಿಯ ಮೇಲೆ ಯಾರದೋ ಚೀಲ ಇತ್ತು. ಅವರು ಏನಾದರೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೂಲ ಕಾರಣ ಬೆಳಿಗ್ಗೆ ಗೊತ್ತಾಯಿತು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟಿದ್ದ ಬಿ.ಪಿ. ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು. "ನಿನಗೆ ಯಾಕೆ ತೊಂದರೆ ಎಂದು ಹೇಳಲಿಲ್ಲ" ಎಂದಳು. ಯಂತ್ರವನ್ನು ಏಳು ಸಲ ಕೇಳಿದವನು ಅಮ್ಮನನ್ನು ಒಂದು ಸಲವೂ ಕೇಳಿರಲಿಲ್ಲ.

ಅದೇ ಮಧ್ಯಾಹ್ನ ನಮ್ಮ ವಾರ್ಡಿನ ನಮ್ಮ ಕ್ಲಿನಿಕ್‌ಗೆ ಹೋದೆವು. 2022ರ ಡಿಸೆಂಬರ್‌ನಲ್ಲಿ ರಾಜ್ಯದ ನಗರಗಳಲ್ಲಿ ಶುರುವಾದ ಸರ್ಕಾರಿ ಚಿಕಿತ್ಸಾಲಯಗಳಿವು. ಹಾಲಿನ ಬೂತಿಗೆ ಹೋಗುವಾಗ ಅದರ ಫಲಕವನ್ನು ದಿನವೂ ನೋಡುತ್ತಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅಮ್ಮನನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿಸಿ, ಬರಿತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಿದರು. 152/90. ಹಳೆಯ ಮಾತ್ರೆಯನ್ನೇ ಒಂದು ತಿಂಗಳಿಗೆ ಕೊಟ್ಟು, ವಾರ ಬಿಟ್ಟು ಬರಲು ಹೇಳಿದರು. ಖರ್ಚು ಏನೂ ಇಲ್ಲ. ಹಾಗೆಂದು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಹೆಚ್ಚಿನ ನಮ್ಮ ಕ್ಲಿನಿಕ್‌ಗಳು ಸಂಜೆ ನಾಲ್ಕೂವರೆಗೆ ಬಾಗಿಲು ಹಾಕುತ್ತವೆ, ನಮಗೆ ಗಾಬರಿ ಹುಟ್ಟುವುದು ರಾತ್ರಿ ಒಂಬತ್ತಕ್ಕೆ. ಆ ಹೊತ್ತಿನಲ್ಲಿ ಸಂದೇಹ ಬಂದರೆ 104 ಆರೋಗ್ಯ ಸಹಾಯವಾಣಿ ಇದೆ. ಮನೆಯ ಹತ್ತಿರದ ವೈದ್ಯರೊಬ್ಬರ ಪರಿಚಯವಿದ್ದರೆ ಇನ್ನೂ ಒಳ್ಳೆಯದು. ಆ ರಾತ್ರಿ ಇವರಲ್ಲಿ ಯಾರನ್ನು ಕೇಳಿದ್ದರೂ "ಮಾತ್ರೆ ತಪ್ಪಿದೆಯೇ?" ಎಂಬ ಪ್ರಶ್ನೆ ಮೊದಲು ಬರುತ್ತಿತ್ತು.

ಇದನ್ನು ಓದಿ ಯಾರೂ ನಿಜವಾದ ತುರ್ತಿನಲ್ಲಿ ಮನೆಯಲ್ಲಿ ಕುಳಿತುಬಿಡಬಾರದು, ಅದು ನನ್ನ ತಪ್ಪಿಗಿಂತ ದೊಡ್ಡ ತಪ್ಪು. ಎದೆಯಲ್ಲಿ ನೋವು ಅಥವಾ ಬಿಗಿತ, ಅದು ದವಡೆಗೋ ತೋಳಿಗೋ ಹರಡುವುದು, ಏದುಸಿರು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಹಿಂದೆಂದೂ ಬಾರದಂಥ ತಲೆನೋವು, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ, ಇವುಗಳಲ್ಲಿ ಒಂದಿದ್ದರೂ ಯಂತ್ರ ಏನೇ ಹೇಳಲಿ, ತಕ್ಷಣ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಬರಿ ಬೆವರು, ಸುಸ್ತು, ಉಸಿರಾಟದ ತೊಂದರೆಯಾಗಿಯೂ ಹೃದಯಾಘಾತ ಬರಬಹುದು. ಊರಿನಲ್ಲಿರುವವರು ಇಂಥ ಹೊತ್ತಿನಲ್ಲಿ ಮೈಸೂರಿಗೋ ಬೆಂಗಳೂರಿಗೋ ಕಾರು ಓಡಿಸಿಕೊಂಡು ಹೊರಡಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರಿಂದ ಓದಿಸಿ, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿಯೇ ಕೊಡುತ್ತಾರೆ.

ಬಿ.ಪಿ.ಯ ಮೊದಲ ಅಂಕಿ 180 ಅಥವಾ ಎರಡನೆಯದು 120 ದಾಟಿದ್ದು, ಮೇಲೆ ಹೇಳಿದ ಲಕ್ಷಣಗಳಲ್ಲಿ ಒಂದೂ ಇಲ್ಲದಿದ್ದರೆ, ಕೂತು ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೆಯೇ ಇದ್ದರೆ ತಡಮಾಡದೆ ವೈದ್ಯರೊಬ್ಬರಿಗೆ ಕರೆ ಮಾಡಿ ಕೇಳಿ. ಅದಕ್ಕಿಂತ ಕಡಿಮೆಯಿದ್ದು ಆರಾಮವಾಗಿದ್ದರೆ ಬೆಳಗಾಗಲಿ. ಆಸ್ಪತ್ರೆಗೆ ಹೋಗಲೇಬೇಕಾಗಿ ಬಂದರೆ ಮಾತ್ರೆಗಳ ಚೀಟಿ ಜೇಬಿನಲ್ಲಿರಲಿ. ಸಕ್ಕರೆ ಕಾಯಿಲೆಯವರು ಜೊತೆಗಿದ್ದರೆ, ಅವರು ಮಾತ್ರೆ ನುಂಗಿ ಊಟ ಬಿಟ್ಟಿದ್ದರೆ ಅದನ್ನು ಬಾಗಿಲಲ್ಲೇ ಹೇಳಿಬಿಡಿ.

ಯಂತ್ರ ಈಗ ಅಮ್ಮನ ಜೊತೆ ಊರಿನಲ್ಲಿದೆ. ವಾರಕ್ಕೆ ಎರಡು ಸಲ, ಬೆಳಗಿನ ಕಾಫಿಗೆ ಮುಂಚೆ ನೋಡಿ, ಕ್ಯಾಲೆಂಡರಿನ ಚೌಕದಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತಾಳೆ.