ಎಲೆಕ್ಟ್ರಿಕ್ ರೋಡ್ ಬೈಕ್ ಕೊಳ್ಳುವವರು ತಕ್ಕಡಿ ಹಿಡಿದುಕೊಂಡೇ ಹೋಗಿ

ತೂಕ 13.5 ಕೆ.ಜಿ., ಮೋಟಾರ್ 500 ವ್ಯಾಟ್, ಒಂದು ಚಾರ್ಜಿಗೆ 120 ಕಿ.ಮೀ. ಬೆಂಗಳೂರಿನಲ್ಲಿ ಈ ಮೂರು ಸಂಖ್ಯೆ ಒಟ್ಟಿಗೆ ಇರುವ ಎಲೆಕ್ಟ್ರಿಕ್ ರೋಡ್ ಬೈಕ್ (ತುಳಿದಾಗ ಮೋಟಾರ್ ನೆರವಾಗುವ ರೇಸ್ ಮಾದರಿಯ ಸೈಕಲ್) ಜಾಹೀರಾತು ಕಂಡರೆ ದಯವಿಟ್ಟು ಅಡ್ವಾನ್ಸ್ ಕಳಿಸಬೇಡಿ. ನಾನು ಕಳಿಸಿದೆ. ಒಟ್ಟು 1,62,000 ರೂಪಾಯಿ ಹೋಯಿತು. ಮೂರಕ್ಕೆ ಮೂರೂ ಸುಳ್ಳು. ಸೈಕಲ್ ರಿಪೇರಿ, ವೀಲ್ ಕಟ್ಟುವುದು, ಬ್ಯಾಟರಿ ಲೆಕ್ಕ ಎಲ್ಲ ಬಲ್ಲವನೇ ಹೀಗೆ ಬಿದ್ದೆ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಮೂರು ಸಂಖ್ಯೆ ಜಾಹೀರಾತಿನಲ್ಲಿ ಇವತ್ತಿಗೂ ಹಾಗೇ ಇವೆ.

ಮೊದಲು ತೂಕ. ಬಾಕ್ಸ್ ಬಿಚ್ಚಿ, ಹ್ಯಾಂಡಲ್ ಕೂಡಿಸಿ, ಪೆಡಲ್ ಹಾಕಿ ಎತ್ತಿದ ಕೂಡಲೇ ಕೈಗೆ ಅನುಮಾನ ಬಂತು. ಲಗೇಜ್ ತೂಗುವ ಡಿಜಿಟಲ್ ತಕ್ಕಡಿಗೆ ಸೀಟಿನ ಮೂತಿಯಿಂದ ನೇತುಹಾಕಿದೆ. 17.6. ಇಳಿಸಿ ಮತ್ತೆ ತೂಗಿದೆ. 17.6. ಮಾರಿದವನಿಗೆ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ: "ಸಾರ್, ನಾವು ಹಾಕಿರೋದು ಬ್ಯಾಟರಿ ಇಲ್ಲದ ತೂಕ. ಎಲ್ಲರೂ ಹಾಗೇ ಹೇಳೋದು."

ಎಲ್ಲರೂ ಹಾಗೆ ಹೇಳುವುದಿಲ್ಲ. ಪೆಡಲ್ ಬಿಟ್ಟು, ಮಧ್ಯಮ ಸೈಜಿನ ಫ್ರೇಮಿಗೆ ತೂಕ ಹೇಳುವುದು ಸೈಕಲ್ ವ್ಯಾಪಾರದಲ್ಲಿ ಮೊದಲಿಂದಲೂ ಇರುವ ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ. ಪೆಡಲ್ ಜೋಡಿ ಅಂದರೆ 300-350 ಗ್ರಾಂ. ಆದರೆ ಫ್ರೇಮಿನ ಕೆಳಗಿನ ಓರೆ ಕೊಳವೆಯ (ಡೌನ್ ಟ್ಯೂಬ್) ಒಳಗೆ ಕೂತಿರುವ, ಪೆಡಲ್ ಬುಡದ ಅಚ್ಚು (ಬಾಟಮ್ ಬ್ರಾಕೆಟ್) ಬಿಚ್ಚದೆ ಹೊರಗೆ ಬಾರದ ಬ್ಯಾಟರಿಯನ್ನು ಬಿಟ್ಟು ತೂಕ ಹೇಳುವುದು ಯಾವ ಪದ್ಧತಿ? ಆಯಿತು, ಅವನ ಮಾತೇ ನಿಜ ಅಂತಿಟ್ಟುಕೊಂಡು ಲೆಕ್ಕ ಹಾಕಿದೆ. 17.6ರಲ್ಲಿ ಬ್ಯಾಟರಿಗೆ 1.6, ಪೆಡಲಿಗೆ 0.35 ಕಳೆದರೂ 15.65 ಉಳಿಯಿತು. ಇನ್ನೂ ಎರಡು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ. ಮತ್ತೆ ಕೇಳಿದೆ. ಅರ್ಧ ದಿನ ಬಿಟ್ಟು ಉತ್ತರ ಬಂತು: "ಅದು ಕಾರ್ಬನ್ ಮಾಡೆಲ್, ಎಸ್ ಸೈಜಿನ ತೂಕ ಸಾರ್. ನಿಮ್ಮದು ಅಲ್ಯೂಮಿನಿಯಂ, ಎಲ್ ಸೈಜು."

ಅಂದರೆ ಜಾಹೀರಾತಿನಲ್ಲಿದ್ದದ್ದು ಬೇರೆ ಬೈಕಿನ ತೂಕ! ಆ ಮೆಸೇಜ್ ಓದಿದಾಗ ಕಿವಿ ಬಿಸಿಯಾಯಿತು. ಮೋಸ ಹೋದೆ ಅಂತ ಖಚಿತವಾಗಿದ್ದು ಅಲ್ಲೇ.

ಇದನ್ನು ಹಣ ಕೊಡುವ ಮೊದಲೇ ಕೂಡಿಸಿ ಕಳೆದು ಹಿಡಿಯಬಹುದಿತ್ತು. ಡಿಸ್ಕ್ ಬ್ರೇಕಿನ ಸಾಧಾರಣ ಅಲ್ಯೂಮಿನಿಯಂ ರೋಡ್ ಬೈಕ್ 9.5ರಿಂದ 10.5 ಕೆ.ಜಿ. ಅದರ ಮೇಲೆ ಮೋಟಾರ್, ಬ್ಯಾಟರಿ, ವೈರಿಂಗ್ ಸೇರಿದ ತೂಕ ಕೂಡಿಸಿ. ಹಿಂಚಕ್ರದ ನಡುಭಾಗದಲ್ಲಿ, ಅಂದರೆ ಹಬ್‌ನಲ್ಲಿ, ಕೂರುವ ಮಾಹ್ಲೆ ಎಕ್ಸ್35 ವ್ಯವಸ್ಥೆ ಒಟ್ಟು ಸುಮಾರು 3.5 ಕೆ.ಜಿ. ಪೆಡಲ್ ಬುಡದಲ್ಲಿ ಕೂರುವ ಫಜುವಾದ ಮೊದಲ ತಲೆಮಾರಿನದು ಸುಮಾರು 4.6 ಕೆ.ಜಿ. ಈ ಹೆಸರುವಾಸಿ ವ್ಯವಸ್ಥೆಗಳಲ್ಲೇ ಅಲ್ಯೂಮಿನಿಯಂ ಬೈಕು 13-15 ಕೆ.ಜಿ. ಆಗುತ್ತದೆ. ಸ್ಪೆಷಲೈಸ್ಡ್ ಕ್ರಿಯೋ ಎಸ್‌ಎಲ್‌ನ ಅತಿ ದುಬಾರಿ ಕಾರ್ಬನ್ ಮಾದರಿಗೇ ಕಂಪನಿ ಹೇಳಿದ ತೂಕ 12.2 ಕೆ.ಜಿ. ಹಾಗಿರುವಾಗ ಹೆಸರೇ ಕೇಳಿರದ ಹಬ್ ಮೋಟಾರ್ ಹಾಕಿದ ಅಲ್ಯೂಮಿನಿಯಂ ಬೈಕು 13.5 ಅಂದರೆ ಆಗಲೇ ಪ್ರಶ್ನೆ ಮಾಡಬೇಕಿತ್ತು. ಮಾಡಲಿಲ್ಲ.

ತೂಕ ಎಷ್ಟು ಮುಖ್ಯ ಅಂತ ಕೇಳುವವರಿಗೆ: ಸಪಾಟು ರಸ್ತೆಯಲ್ಲಿ ನಾಲ್ಕು ಕೆ.ಜಿ. ಹೆಚ್ಚಿದ್ದರೆ ಕಾಲಿಗೆ ಗೊತ್ತೇ ಆಗುವುದಿಲ್ಲ. ಶೇ. 5ರ ಏರಿನಲ್ಲಿ 15 ಕಿ.ಮೀ. ವೇಗಕ್ಕೆ ಹೆಚ್ಚು ಬೇಕಾಗುವುದು ಸುಮಾರು 8 ವ್ಯಾಟ್ ಮಾತ್ರ. ತೊಂದರೆ ಇರುವುದು ಬ್ಯಾಟರಿ ಸತ್ತಾಗ, ಮೂರನೇ ಮಹಡಿಗೆ ಹೊತ್ತೊಯ್ಯುವಾಗ, ಕಾರಿನ ರ‍್ಯಾಕಿಗೆ ಎತ್ತುವಾಗ. ರೋಡ್ ಬೈಕಿನಲ್ಲಿ ಇನ್ನೂ ಒಂದು ಸಂಗತಿ ಇದೆ: 25 ಕಿ.ಮೀ. ವೇಗ ದಾಟಿದರೆ ಮೋಟಾರ್ ಕೈಬಿಡುತ್ತದೆ. ಗುಂಪಿನ ಜೊತೆ 28-30ರಲ್ಲಿ ಹೋಗುವವರು ಹೆಚ್ಚಿನ ದೂರವೆಲ್ಲ ಆ ಮೋಟಾರನ್ನೂ ಬ್ಯಾಟರಿಯನ್ನೂ ಸುಮ್ಮನೆ ಹೊತ್ತುಕೊಂಡು ತುಳಿಯುತ್ತಿರುತ್ತಾರೆ.

ಈಗ ಆ 500 ವ್ಯಾಟ್. ಮೋಟಾರಿನ ಮೈಮೇಲೆ ಕೊರೆದಿರುವುದು 36 ವೋಲ್ಟ್, 250 ವ್ಯಾಟ್. ಕೇಳಿದ್ದಕ್ಕೆ "ಪೀಕ್ ಸಾರ್, ಪೀಕ್" ಅಂದ. ಪೀಕ್ ಅಂದರೆ ಸ್ವಲ್ಪ ಹೊತ್ತು ಮಾತ್ರ ಸಿಗುವ ಗರಿಷ್ಠ. ಆದರೂ ಎಲ್ಲಿಯ ಪೀಕ್? ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಗರಿಷ್ಠ 14 ಆಂಪಿಯರ್ ಬಿಡುತ್ತದೆ. 36ನ್ನು 14ರಿಂದ ಗುಣಿಸಿದರೆ 504. ಅವನ 500 ಬಂದದ್ದು ಇಲ್ಲಿಂದ. ಅದು ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವಿದ್ಯುತ್ತು, ಚಕ್ರಕ್ಕೆ ಸಿಗುವ ಶಕ್ತಿ ಅಲ್ಲ. ಒಳ್ಳೆಯ ವೇಗದಲ್ಲಿದ್ದರೆ ಅದರಲ್ಲಿ ಮುಕ್ಕಾಲು ಪಾಲು, ಅಂದರೆ 370-380 ವ್ಯಾಟ್ ಚಕ್ರ ತಲುಪೀತು, ಅದೂ ಸ್ವಲ್ಪ ಹೊತ್ತು. ಕಡಿದಾದ ಏರಿನಲ್ಲಿ 8 ಕಿ.ಮೀ. ವೇಗಕ್ಕೆ ಇಳಿದರೆ ಹಬ್ ಮೋಟಾರಿನ ದಕ್ಷತೆ ಕುಸಿಯುತ್ತದೆ, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ, ಬಿಸಿ ಮಿತಿ ದಾಟಿದರೆ ಕಂಟ್ರೋಲರ್ ತಾನೇ ಶಕ್ತಿ ಇಳಿಸುತ್ತದೆ. ಬೇಕಾದಾಗಲೇ ಕೈಕೊಡುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಕಾನೂನು. ಕೇಂದ್ರ ಮೋಟಾರು ವಾಹನ ನಿಯಮ 1989ರ 2(ಯು) ಪ್ರಕಾರ ತುಳಿದಾಗ ನೆರವಾಗುವ ಸೈಕಲ್ಲಿನ ಮೋಟಾರಿನ 30 ನಿಮಿಷದ ಶಕ್ತಿ (ಅರ್ಧ ಗಂಟೆ ಬಿಡದೆ ಕೊಡಬಲ್ಲದ್ದು) 0.25 ಕಿಲೋವ್ಯಾಟಿಗಿಂತ ಕಡಿಮೆ ಇರಬೇಕು, 25 ಕಿ.ಮೀ. ವೇಗಕ್ಕೆ ಅಥವಾ ತುಳಿಯುವುದು ನಿಲ್ಲಿಸಿದ ಕೂಡಲೇ ನೆರವು ನಿಲ್ಲಬೇಕು. ಇಲ್ಲದಿದ್ದರೆ ಅದು ಮೋಟಾರು ವಾಹನ: ನೋಂದಣಿ, ಲೈಸೆನ್ಸ್, ವಿಮೆ ಎಲ್ಲ ಬೇಕು. ಮಾರುವವನು "ನಿಜವಾದ 500" ಅಂತ ಆಣೆ ಹಾಕಿದರೆ ಕಾನೂನಿನ ತಲೆನೋವನ್ನೂ ಜೊತೆಗೆ ಮಾರುತ್ತಿದ್ದಾನೆ.

ಟಾರ್ಕ್, ಅಂದರೆ ತಿರುಗಿಸುವ ಬಲ, ಹೋಲಿಸುವಾಗಲೂ ಹುಷಾರು. ಹಬ್ ಮೋಟಾರಿನ 40 ನ್ಯೂಟನ್ ಮೀಟರ್ ನೇರ ಚಕ್ರದ್ದು. ಪೆಡಲ್ ಬುಡದಲ್ಲಿ ಕೂರುವ ಮಿಡ್ ಮೋಟಾರಿನ 60 ಕ್ರ್ಯಾಂಕಿನದು (ಪೆಡಲ್ ತೋಳಿನದು), ಗೇರಿನ ಮೂಲಕ ಚಕ್ರಕ್ಕೆ ಹೋಗುತ್ತದೆ. ಮುಂದೆ 34, ಹಿಂದೆ 34 ಹಲ್ಲಿದ್ದರೆ ಅಷ್ಟಕ್ಕಷ್ಟು 60 ಸಿಗುತ್ತದೆ. 50-11ರಲ್ಲಿ 13ಕ್ಕೆ ಇಳಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು "ನಮ್ಮದು ಜಾಸ್ತಿ" ಅನ್ನುವವರಿಗೆ ಗೇರ್ ಯಾವುದು ಅಂತ ಕೇಳಿ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ. ಜಾಹೀರಾತಿನಲ್ಲಿ ಬ್ಯಾಟರಿ 294 ವ್ಯಾಟ್ ಅವರ್ (ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವ ಅಳತೆ) ಅಂತಿತ್ತು. ಲೇಬಲ್‌ನಲ್ಲಿ 36 ವೋಲ್ಟ್, 7 ಆಂಪಿಯರ್ ಅವರ್. ಗುಣಿಸಿದರೆ 252. 294 ಎಲ್ಲಿಂದ ಬಂತು? ಪೂರ್ತಿ ಚಾರ್ಜ್ ಆದಾಗಿನ 42 ವೋಲ್ಟನ್ನು 7ರಿಂದ ಗುಣಿಸಿದ್ದಾರೆ. ಆ 42 ವೋಲ್ಟ್ ಮೊದಲ ಕೆಲವು ನಿಮಿಷ ಮಾತ್ರ ಇರುತ್ತದೆ.

252 ವ್ಯಾಟ್ ಅವರಿನಲ್ಲಿ 120 ಕಿ.ಮೀ. ಅಂದರೆ ಕಿಲೋಮೀಟರಿಗೆ 2.1 ವ್ಯಾಟ್ ಅವರ್. ಸಪಾಟು ರಸ್ತೆಯಲ್ಲಿ 24 ಕಿ.ಮೀ. ವೇಗಕ್ಕೆ ಚಕ್ರದಲ್ಲಿ ಸುಮಾರು 100 ವ್ಯಾಟ್ ಬೇಕು. ಅದರಲ್ಲಿ ಅರ್ಧ ಮೋಟಾರ್ ಕೊಟ್ಟರೆ ಬ್ಯಾಟರಿಯಿಂದ 65-70 ವ್ಯಾಟ್ ಹೋಗುತ್ತದೆ, ಕಿಲೋಮೀಟರಿಗೆ 2.7-2.9. ಅಂದರೆ 85-90 ಕಿ.ಮೀ. ಅದೇ ಬೈಕಿನಲ್ಲಿ ಶೇ. 5ರ ಏರು, 15 ಕಿ.ಮೀ. ವೇಗ, ಗರಿಷ್ಠ ಮೋಡ್, ಮೋಟಾರಿನಿಂದ 150 ವ್ಯಾಟ್ ಅಂದರೆ ಬ್ಯಾಟರಿಯಿಂದ 200. ಕಿಲೋಮೀಟರಿಗೆ 13ಕ್ಕಿಂತ ಹೆಚ್ಚು. 19 ಕಿ.ಮೀ.ಗೆ ಖಾಲಿ. ಒಂದೇ ಬ್ಯಾಟರಿ, ಒಂದು ಕಡೆ 90, ಇನ್ನೊಂದು ಕಡೆ 19. ಇನ್ನು 120 ಹೇಗೆ ಬರುತ್ತದೆ? 25 ದಾಟಿ, ಮೋಟಾರ್ ಆಫ್ ಆಗಿ, ನಿಮ್ಮ ಕಾಲೇ ತುಳಿದ ಕಿಲೋಮೀಟರುಗಳನ್ನೂ ರೇಂಜಿಗೆ ಸೇರಿಸಿದರೆ 120 ಏನು, 200 ಕೂಡ ಬರುತ್ತದೆ. ಎಲೆಕ್ಟ್ರಿಕ್ ರೋಡ್ ಬೈಕಿನಲ್ಲಿ ಕಿ.ಮೀ. ಲೆಕ್ಕದ ರೇಂಜ್ ನಂಬಲೇಬೇಡಿ. ಎಷ್ಟು ಮೀಟರ್ ಎತ್ತರ ಏರಿಸುತ್ತದೆ ಅಂತ ಕೇಳಿ. ಸವಾರ, ಬೈಕು ಸೇರಿ 90 ಕೆ.ಜಿ. ಇದ್ದರೆ, ಏರುವ ಕೆಲಸದಲ್ಲಿ ಮೋಟಾರ್ ಅರ್ಧ ಮಾಡಿದರೆ, 252 ವ್ಯಾಟ್ ಅವರಿನಲ್ಲಿ 1,200 ಮೀಟರ್ ಹತ್ತಿರ ಬರಬೇಕು. ನಂದಿ ಬೆಟ್ಟದ ಬುಡದಿಂದ ಮೇಲಕ್ಕೆ ಸುಮಾರು 450 ಮೀಟರ್. ಹೊಸ ಬ್ಯಾಟರಿ ಆ ಏರನ್ನು ಎರಡು ಸಲ ನಿರಾಳವಾಗಿ ಮುಗಿಸಬೇಕು.

ನನ್ನದು ಮುಗಿಸಲಿಲ್ಲ. ಎರಡನೇ ಏರಿನ ಅರ್ಧ ದಾಟುವ ಹೊತ್ತಿಗೆ ಸತ್ತಿತು. ಅದಕ್ಕೇ ಮನೆಗೆ ಬಂದು ಗೋಡೆಯ ಪ್ಲಗ್ಗಿಗೆ ವ್ಯಾಟ್ ಮೀಟರ್ ಸಿಕ್ಕಿಸಿ, ಪೂರ್ತಿ ಖಾಲಿಯಿಂದ ಪೂರ್ತಿ ಚಾರ್ಜ್ ಮಾಡಿದೆ. ಚಾರ್ಜರಿನಲ್ಲಿ ನಷ್ಟ ಇರುವುದರಿಂದ 252ರ ಬ್ಯಾಟರಿ ಗೋಡೆಯಿಂದ 285-295 ಎಳೆಯಬೇಕು. ಎಳೆದದ್ದು 214. ಅಂದರೆ ಒಳಗೆ ಸೇರಿದ್ದು ಸುಮಾರು 186. ಕಾಲು ಭಾಗ ಸವೆದುಹೋದ ಬ್ಯಾಟರಿಯನ್ನು "400 ಕಿ.ಮೀ. ಮಾತ್ರ ಓಡಿದ ಡೆಮೊ ಪೀಸ್" ಅಂತ ಮಾರಿದ್ದಾರೆ. ಹಾಗೆಂದು ಬರೆದೆ. ಉತ್ತರ: "ಸಾರ್, ಎರಡು ಮೂರು ಸಲ ಫುಲ್ ಚಾರ್ಜ್ ಮಾಡಿ, ಸೆಟ್ ಆಗುತ್ತೆ." ಲಿಥಿಯಂ ಬ್ಯಾಟರಿ ಸೆಟ್ ಆಗುವುದಿಲ್ಲ! ಅದು ಹಳೆಯ ನಿಕಲ್ ಬ್ಯಾಟರಿ ಕಾಲದ ಮಾತು. ಓಡದೇ ಇದ್ದರೂ ಗೋದಾಮಿನ ಸೆಕೆಯಲ್ಲಿ ಪೂರ್ತಿ ಚಾರ್ಜಿನಲ್ಲೋ ಪೂರ್ತಿ ಖಾಲಿಯಾಗಿಯೋ ತಿಂಗಳುಗಟ್ಟಲೆ ಬಿದ್ದಿದ್ದರೆ ಅದು ಸವೆಯುತ್ತದೆ. ಕಿಲೋಮೀಟರ್ ನೋಡಿ ಬ್ಯಾಟರಿಯ ವಯಸ್ಸು ಹೇಳಲಾಗದು. ಲೇಬಲ್ಲಿನ ತಯಾರಿಕೆ ತಿಂಗಳು ನೋಡಿ. ನನ್ನದರಲ್ಲಿ ಆ ಜಾಗ ಉಜ್ಜಿಹೋಗಿತ್ತು. ನೋಡಿಯೂ ಸುಮ್ಮನಿದ್ದೆ.

ಬ್ಯಾಟರಿಯ ತೂಕವೂ ಸುಳ್ಳು ಹಿಡಿಯುತ್ತದೆ. ಪ್ಯಾಕಿನ ಒಳಗಿರುವ ಸಾಮಾನ್ಯ 18650 ಸೈಜಿನ ಸೆಲ್ ಒಂದಕ್ಕೆ 46-48 ಗ್ರಾಂ, 3.5 ಆಂಪಿಯರ್ ಅವರಿನ ಒಳ್ಳೆಯ ಸೆಲ್ ಆದರೆ ಸುಮಾರು 12.6 ವ್ಯಾಟ್ ಅವರ್. 20 ಸೆಲ್ ಅಂದರೆ 252, 30 ಅಂದರೆ 378. 30 ಸೆಲ್ಲಿನ ತೂಕವೇ 1.4 ಕೆ.ಜಿ., ಮೇಲೆ ಕವಚ, ಸರ್ಕ್ಯೂಟ್, ವೈರು. ಆ ಸೆಲ್ಲಿನದೇ 1.4 ಕೆ.ಜಿ. ತೂಗುವ ಪ್ಯಾಕನ್ನು ತೋರಿಸಿ "378" ಅಂದರೆ ಎದ್ದು ಬನ್ನಿ.

ಇನ್ನೊಂದು ಕೈಚಳಕ ಆಮೇಲೆ ಸಿಕ್ಕಿತು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಚಕ್ರದ ಸುತ್ತಳತೆ 2288 ಮಿ.ಮೀ. ಅಂತಿತ್ತು. ಈ ಬೈಕಿನ 700-28 ಸೈಜಿನ ಟೈರಿಗೆ ಅದು 2136 ಇರಬೇಕು. 2288 ಎಂಟಿಬಿಯ (ಬೆಟ್ಟಗುಡ್ಡದ ಸೈಕಲ್ಲಿನ) 29 ಇಂಚಿನ ದಪ್ಪ ಟೈರಿನ ಅಳತೆ. ಹೀಗಿಟ್ಟರೆ 100 ಕಿ.ಮೀ. ಓಡಿದ್ದು 107 ಅಂತ ತೋರಿಸುತ್ತದೆ, ವೇಗವೂ ಹೆಚ್ಚು ಕಾಣುತ್ತದೆ. ಟೆಸ್ಟ್ ರೈಡಿನಲ್ಲಿ "ನೋಡಿ ಸಾರ್, 30 ಕಿ.ಮೀ. ಆದರೂ ಎರಡೇ ಕಡ್ಡಿ ಇಳಿದಿದೆ" ಅಂದಿದ್ದು ಇದನ್ನೇ ನಂಬಿಸಿ. ಫೋನಿನ ಜಿಪಿಎಸ್ ಹಾಕಿ ಹೋಲಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದ. ಸುತ್ತಳತೆ ಬೇಕೆಂದೇ ಬದಲಾಯಿಸಿದ್ದೋ ಅಂತ ಕೇಳಿದ್ದಕ್ಕೆ ಬಂದದ್ದು ಬರೀ ಕೈಮುಗಿಯುವ ಎಮೋಜಿ. ಹಣ ವಾಪಸ್ ಕೇಳಿದ್ದಕ್ಕೆ: "ಬಾಕ್ಸ್ ಓಪನ್ ಮಾಡಿದ್ದೀರಿ ಸಾರ್." ಬಾಕ್ಸ್ ಓಪನ್ ಮಾಡದೆ ತೂಗುವುದು ಹೇಗೆ? ಅದಕ್ಕೆ ಉತ್ತರ ಇಲ್ಲ. ಬ್ಲೂ ಟಿಕ್ ಮಾತ್ರ.

ವಿದೇಶದಲ್ಲಿರುವ ನಮ್ಮವರಿಗೂ ಒಂದು ಮಾತು, ಯಾಕೆಂದರೆ ಇದಾದ ಮೇಲೆ ಇಬ್ಬರು "ಜರ್ಮನಿಯಿಂದ ಬರುವವರ ಕೈಲಿ ತರಿಸಿಕೋ" ಅಂದರು. ಪ್ರಯಾಣಿಕರ ವಿಮಾನದಲ್ಲಿ 100ರಿಂದ 160 ವ್ಯಾಟ್ ಅವರಿನ ಬ್ಯಾಟರಿಗೇ ಏರ್‌ಲೈನಿನ ಒಪ್ಪಿಗೆ ಬೇಕು. 160 ದಾಟಿದರೆ ಲಗೇಜಾಗಿ ಒಯ್ಯಲು ಬಿಡುವುದಿಲ್ಲ. ಈ ಬೈಕುಗಳ ಬ್ಯಾಟರಿ ಸಾಮಾನ್ಯವಾಗಿ 230ರ ಮೇಲೆಯೇ.

ಕೊಳ್ಳುವವರು ಇಷ್ಟು ಮಾಡಿ, ಮುಜುಗರ ಪಡಬೇಡಿ. ನಿಮ್ಮ ಸೈಜಿನ ಅದೇ ಬೈಕನ್ನು ನಿಮ್ಮ ತಕ್ಕಡಿಯಲ್ಲಿ ನೀವೇ ತೂಗಿ. ಮೋಟಾರ್, ಬ್ಯಾಟರಿ ಲೇಬಲ್ ಎರಡರ ಫೋಟೋ ಹಣ ಕೊಡುವ ಮೊದಲೇ ತರಿಸಿಕೊಳ್ಳಿ. ಗೋಡೆಯ ಮೀಟರಿನಲ್ಲಿ ಒಂದು ಪೂರ್ತಿ ಚಾರ್ಜ್ ಅವರ ಅಂಗಡಿಯಲ್ಲೇ ನೋಡಿ. ಕೆಲವು ಗಂಟೆ ಹಿಡಿಯುತ್ತದೆ, ಕಾಯಿರಿ. ಟೆಸ್ಟ್ ರೈಡ್ ಸಪಾಟು ರಸ್ತೆಯಲ್ಲಿ ಬೇಡ, ಏರಿನಲ್ಲೇ ಮಾಡಿ, ಮೋಟಾರ್ ಆಫ್ ಮಾಡಿಯೂ ಒಮ್ಮೆ ಏರಿ. ತೂಕ, ವ್ಯಾಟ್ ಅವರ್, ತಯಾರಿಕೆ ತಿಂಗಳು ಬಿಲ್ಲಿನ ಮೇಲೆ ಬರೆಸಿ. "ಬಿಲ್ಲಿನಲ್ಲಿ ಅದೆಲ್ಲ ಬರಲ್ಲ ಸಾರ್" ಅಂದರೆ ಅಲ್ಲಿಂದ ಹೊರಡಿ. ನನಗೆ ಹಾಗೇ ಅಂದಿದ್ದರು, ನಾನು ಹೊರಡಲಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ನಾವಿರುವ ಊರಿನಲ್ಲೇ ಹಾಕಬಹುದು. ತಕ್ಕಡಿಯ ಫೋಟೋ, ಮೀಟರಿನ ಫೋಟೋ, ಚಾಟ್ ಎಲ್ಲ ಇಟ್ಟುಕೊಂಡಿದ್ದೇನೆ. ಜಾಹೀರಾತಿನ ಸ್ಕ್ರೀನ್‌ಶಾಟ್ ಮೊದಲ ದಿನವೇ ತೆಗೆದಿದ್ದು ಒಳ್ಳೆಯದಾಯಿತು. ನಿನ್ನೆ ನೋಡಿದಾಗ ಅದರಲ್ಲಿ 294 ಅನ್ನುವುದನ್ನು ಮಾತ್ರ ಅಳಿಸಿದ್ದಾರೆ. 13.5, 500, 120 ಹಾಗೇ ಇವೆ.