ವಿರೇಚನ ಚಿಕಿತ್ಸೆ: ಮೈಸೂರಿನ ಒಂದು ಆಯುರ್ವೇದ ಆಸ್ಪತ್ರೆಯ ಅನುಭವ

ಬಹುಕಾಲದ ತುರಿಕೆಗೆಂದು ನಮ್ಮ ತಾಯಿಯವರನ್ನು ಮೈಸೂರಿನ ಒಂದು ಆಯುರ್ವೇದ ಆಸ್ಪತ್ರೆಯಲ್ಲಿ ವಿರೇಚನ ಚಿಕಿತ್ಸೆಗೆ, ಅಂದರೆ ಔಷಧ ಕೊಟ್ಟು ಭೇದಿ ಮಾಡಿಸುವ ಶೋಧನ ಚಿಕಿತ್ಸೆಗೆ, ಸೇರಿಸಿದ್ದೆವು. ಔಷಧ ಆರಂಭಿಸುವ ಮೊದಲು ವೈದ್ಯರು ರಕ್ತದೊತ್ತಡ, ಸಕ್ಕರೆಯ ಪ್ರಮಾಣ, ಅವರು ನಿತ್ಯ ಸೇವಿಸುವ ಮಾತ್ರೆಗಳು ಎಲ್ಲವನ್ನೂ ವಿಚಾರಿಸಿ ಬರೆದುಕೊಂಡದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಗರ್ಭಿಣಿಯರಿಗೆ, ತೀರ ನಿಶ್ಶಕ್ತರಿಗೆ, ಹೃದ್ರೋಗಿಗಳಿಗೆ ಭೇದಿಯ ಔಷಧ ಅಪಾಯ ತರಬಹುದಾದ್ದರಿಂದ, ಇಂತಹ ವಿಚಾರಣೆಯಿಲ್ಲದ ಕಡೆ ಪಂಚಕರ್ಮಕ್ಕೆ (ವಿರೇಚನವೂ ಸೇರಿದ ಐದು ಶೋಧನ ಚಿಕಿತ್ಸೆಗಳಿಗೆ) ಹೋಗಲೇಬಾರದು.

ಶಾಸ್ತ್ರದಲ್ಲಿ 3ರಿಂದ 7 ದಿನವೆಂದು ಹೇಳಿರುವ ಸ್ನೇಹಪಾನವನ್ನು (ತುಪ್ಪ ಕುಡಿಸುವುದನ್ನು) ಅವಸರಪಡಿಸದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುವ ಔಷಧೀಯ ತುಪ್ಪವನ್ನು ದಿನದಿಂದ ದಿನಕ್ಕೆ ಹೆಚ್ಚಿಸುತ್ತ, ಚೆನ್ನಾಗಿ ಹಸಿವಾದ ಮೇಲಷ್ಟೇ ಗಂಜಿ ಕೊಟ್ಟರು. ಬಳಿಕ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು) ಮತ್ತು ಸ್ವೇದನ (ಬೆವರು ಬರಿಸುವುದು) ನಡೆದವು. ಭೇದಿಯ ಔಷಧವಾದ ತ್ರಿವೃತ್ ಲೇಹ್ಯ ಕೊಟ್ಟ ದಿನವಂತೂ ಶುಶ್ರೂಷಕಿಯವರು ತಾಯಿ ಶೌಚಕ್ಕೆ ಹೋಗಿಬಂದಾಗಲೆಲ್ಲ ಹಾಳೆಯಲ್ಲಿ ಗುರುತು ಹಾಕಿ, ನಾಡಿ ನೋಡಿ, ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದರು.

ಕೊರತೆಯೆಂದರೆ, ಮನೆಗೆ ಕಳುಹಿಸುವಾಗ ಪಥ್ಯವನ್ನು ಬಾಯಿಮಾತಿನಲ್ಲೇ ಹೇಳಿ ಮುಗಿಸಿದರು. ತೆಳು ಗಂಜಿಯಿಂದ ಗಟ್ಟಿ ಗಂಜಿಗೆ, ಅಲ್ಲಿಂದ ಹೆಸರುಬೇಳೆಯ ಕಟ್ಟಿಗೆ, ಮೆತ್ತನೆಯ ಅನ್ನಕ್ಕೆ ಹಂತಹಂತವಾಗಿ ಬರುವ ಸಂಸರ್ಜನ ಕ್ರಮವು ಚಿಕಿತ್ಸೆಯಷ್ಟೇ ಮುಖ್ಯವಾದುದರಿಂದ, ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕಿತ್ತು. ತುರಿಕೆ ಈಗ ಕಡಿಮೆಯಾಗಿದೆ. ಆದರೂ ಚರ್ಮರೋಗ ತಜ್ಞರು ಕೊಟ್ಟ ಮುಲಾಮನ್ನು ನಾವು ನಿಲ್ಲಿಸಿಲ್ಲ, ನಿಲ್ಲಿಸಿರೆಂದು ಇಲ್ಲಿನ ವೈದ್ಯರೂ ಹೇಳಲಿಲ್ಲ.