ಒಲೆ ಬಿಸಿಯಿಂದ ದೀಪ: ರೆಕ್ಕೆ, ಫ್ಯಾನ್ ಬೇಡ, ನೀರಿಡಿ

ಬಚ್ಚಲೊಲೆಯ ಶಾಖದಿಂದ ಎಲ್‌ಇಡಿ ಉರಿಸಲು ಹೊರಟವರಿಗೆ ನನ್ನ ಸಲಹೆ ಒಂದೇ. ಒಂದು ಮೈ ಬಿಸಿ, ಇನ್ನೊಂದು ಮೈ ತಂಪಾಗಿದ್ದರೆ ಕರೆಂಟು ಹುಟ್ಟಿಸುವ ಚಪ್ಪಟೆ ಬಿಲ್ಲೆ (ಥರ್ಮೋಎಲೆಕ್ಟ್ರಿಕ್ ಜನರೇಟರ್) ಇದಕ್ಕೆ ಬೇಕು. ದುಬಾರಿ ಬಿಲ್ಲೆ ಹುಡುಕಬೇಡಿ, ಅದರ ಒಂದು ಮೈಯನ್ನು ತಂಪಾಗಿಡುವ ದಾರಿ ಹುಡುಕಿ. ಎರಡು ಎಸ್‌ಪಿ 1848 ಬಿಲ್ಲೆಗಳನ್ನು ಸರಣಿಯಲ್ಲಿ ಜೋಡಿಸಿ, ಮೊದಲು ಶಾಖವನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಂ ರೆಕ್ಕೆ (ಹೀಟ್ ಸಿಂಕ್) ಕೂರಿಸಿ ನೋಡಿದೆ. ಆಮೇಲೆ ನೀರಿನ ಪಾತ್ರೆ ಇಟ್ಟೆ. ನೀರೇ ಗೆದ್ದಿತು.

ರೆಕ್ಕೆಯ ಕಾಟ ಹೇಳುತ್ತೇನೆ. ಈ ಬಿಲ್ಲೆಗೆ ಬೇಕಿರುವುದು ಬರೀ ಬಿಸಿಯಲ್ಲ, ಎರಡು ಮೈಗಳ ಬಿಸಿಯ ನಡುವಿನ ಅಂತರ. ಒಲೆ ಹೊತ್ತಿಸಿದಾಗ ದೀಪ ಚೆನ್ನಾಗಿ ಉರಿಯುತ್ತದೆ. ಅಡಿಕೆ ಸಿಪ್ಪೆ ಕೆಂಡವಾಗುವ ಹೊತ್ತಿಗೆ ರೆಕ್ಕೆಯೂ ಮುಟ್ಟಲಾಗದಷ್ಟು ಕಾದಿರುತ್ತದೆ. ಬಚ್ಚಲಲ್ಲಿ ಗಾಳಿ ಆಡುವುದಿಲ್ಲ, ಅಲ್ವಾ? ಅಂತರ 20 ಡಿಗ್ರಿಗೆ ಇಳಿದರೆ ಒಂದು ಬಿಲ್ಲೆ ಲೋಡ್ (ದೀಪದಂಥ ಕರೆಂಟು ಎಳೆಯುವ ವಸ್ತು) ಇಲ್ಲದೆಯೂ ಕೊಡುವುದು 1 ವೋಲ್ಟ್‌ಗಿಂತ ಕಮ್ಮಿ. ಲೋಡ್ ಹಾಕಿದರೆ ಅದರಲ್ಲೂ ಅರ್ಧ. ವೋಲ್ಟೇಜ್ ಏರಿಸುವ ಬೂಸ್ಟರ್ ಸುಮ್ನೆ ಕೂರುತ್ತದೆ.

ಫ್ಯಾನ್ ಹಾಕಿದರಾಯಿತು ಅನ್ನುವವರಿದ್ದಾರೆ. ಹಾಕಿ ನೋಡಿದೆ. ಪುಟ್ಟ 5 ವೋಲ್ಟ್ ಫ್ಯಾನೂ ಅರ್ಧದಿಂದ ಒಂದು ವ್ಯಾಟ್ ತಿನ್ನುತ್ತದೆ. ಹುಟ್ಟಿದ್ದೆಲ್ಲ ಅದಕ್ಕೇ ಹೋಗುತ್ತದೆ!

ಮಾರುವವರ ಪಟ್ಟಿಯಲ್ಲಿ 100 ಡಿಗ್ರಿ ಅಂತರಕ್ಕೆ 4.8 ವೋಲ್ಟ್, 669 ಮಿಲಿಆಂಪ್ ಎಂದಿರುತ್ತದೆ. ಗುಣಿಸಿ 3 ವ್ಯಾಟ್ ಅಂದುಕೊಳ್ಳಬೇಡಿ. ಮೊದಲನೆಯದು ಏನೂ ಜೋಡಿಸದಾಗಿನ ವೋಲ್ಟೇಜ್, ಎರಡನೆಯದು ಎರಡೂ ವೈರನ್ನು ಶಾರ್ಟ್ ಮಾಡಿದಾಗಿನ ಕರೆಂಟು. ಕೈಗೆ ಸಿಗುವುದು ಹೆಚ್ಚೆಂದರೆ ಕಾಲು ಭಾಗ, ಸುಮಾರು 0.8 ವ್ಯಾಟ್.

ನೀರಿನ ವಿಧಾನ ಸುಲಭ. ಒಲೆ ದಂಡೆಯ ಮೇಲೆ ದಪ್ಪ ಅಲ್ಯೂಮಿನಿಯಂ ಪಟ್ಟಿ, ಅದರ ಮೇಲೆ ಬಿಲ್ಲೆ, ಬಿಲ್ಲೆ ಮೇಲೆ ಚಪ್ಪಟೆ ತಳದ ಪಾತ್ರೆ. ಬಿಲ್ಲೆಯ ಎರಡೂ ಕಡೆ ಶಾಖ ಚೆನ್ನಾಗಿ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ. ಪಾತ್ರೆಯ ಭಾರವೇ ಬಿಲ್ಲೆಯನ್ನು ಒತ್ತಿ ಹಿಡಿಯುತ್ತದೆ. ಪಟ್ಟಿ ಬೆಂಕಿಗೆ ತೀರಾ ಹತ್ತಿರ ಬೇಡ, 150 ಡಿಗ್ರಿ ದಾಟಿದರೆ ಬಿಲ್ಲೆ ಕೆಡುತ್ತದೆ. ನೀರೂ ಕಾಯುತ್ತದೆ, ನಿಜ. ಆದರೆ ಕಾದದ್ದನ್ನು ಬಕೆಟ್ಟಿಗೆ ಸುರಿದು ತಣ್ಣೀರು ತುಂಬಿದರೆ ದೀಪ ಮತ್ತೆ ಹೊಳೆಯುತ್ತದೆ. ಬಿಲ್ಲೆ ದಾಟಿ ಬಂದ ಶಾಖ ಸ್ನಾನಕ್ಕೆ ಆಯಿತು.

ಖರ್ಚು: ರೆಕ್ಕೆ, ಫ್ಯಾನ್ ಕೊಳ್ಳಬೇಕು. ಪಾತ್ರೆ ಮನೆಯಲ್ಲೇ ಇತ್ತು.

ಹೇಗೂ ಬೆಳಿಗ್ಗೆ ಒಲೆ ಮುಂದೆ ಇರುವವನು ನಾನು, ನೀರು ಬದಲಿಸುವುದು ಹೊರೆಯಲ್ಲ. ಆಷಾಢದ ಮಳೆಗೆ ಲೈನ್ ಹೋಗಿ, ಸೋಲಾರೂ ಮಂಕಾದಾಗ ಬಚ್ಚಲಿಗೊಂದು ದೀಪ ಸಾಕು. ಮೊಬೈಲ್ ಚಾರ್ಜ್ ಆಗಬೇಕು ಅನ್ನುವವರು ಎರಡು ಬಿಲ್ಲೆ ನಂಬಬೇಡಿ.